ಚೆಕರ್ ಮಂಜವ್ವನ ಡಬರಿ

ಧರಣಿ ಎಂದರೆ ಕೂಡುವುದು. ಮಂಜವ್ವನಿಗೆ ಕೂಡಲು ಬರುವುದಿಲ್ಲ.

ಗದಗಿನಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಿಸಿಯೂಟದ ಅಡುಗೆಯವರು ಧರಣಿ ಹೂಡಿದಾಗಲೆಲ್ಲ, ಮೊದಲ ಭಾಷಣ ಮುಗಿಯುವ ಮುಂಚೆಯೇ ಈ ಹೆಂಗಸು ಜಮಖಾನೆ ಬಿಟ್ಟು ಎದ್ದಿರುತ್ತಿದ್ದಳು. ನೀರಿನ ಕೊಡ ತುಂಬಿದೆಯೋ ಇಲ್ಲವೋ ನೋಡುವುದು, ಮೈಕಿನವನ ವೈರು ನಡುದಾರಿಯಲ್ಲಿ ಬಿದ್ದಿದೆ ಎಂದು ಅವನನ್ನು ಬೈಯುವುದು, ಪೊಲೀಸ್ ವ್ಯಾನಿನ ಹತ್ತಿರ ಹೋಗಿ ಒಳಗೆ ಎಷ್ಟು ಜನ ಹಿಡಿಸಬಹುದು ಎಂದು ಇಣುಕುವುದು.

"ಮಂಜವ್ವಾ, ಕುಂಡ್ರವಾ. ಕುಂತ್ರನ ಅದಕ್ಕ ಧರಣಿ ಅಂತಾರ," ಎಂದು ಸಂಘಟನೆಯ ನಾವು ಗದರಿದರೆ, "ನೀವು ಕುಂಡ್ರ್ರಿ. ನಾ ನಿಂತ ಧರಣಿ ಮಾಡತೇನಿ," ಎನ್ನುವಳು.

ಹುಟ್ಟಿದ್ದು ಅಸುಂಡಿಯಲ್ಲಿ. ಕೊಟ್ಟದ್ದು ಬೆಳ್ಳಟ್ಟಿ ಕಡೆಯ ಕೆಂಚನಹಾಳ ಎಂಬ ಸಣ್ಣ ಊರಿಗೆ. ಗಂಡ ತಿರಕಪ್ಪ ಊರೊಳಗೆ ಹಿಟ್ಟಿನ ಗಿರಣಿ ನಡೆಸುತ್ತಾನೆ. ಅವನು ಕೂತರೆ ಏಳುವವನಲ್ಲ, ಇವಳು ಎದ್ದರೆ ಕೂಡುವವಳಲ್ಲ. "ನಮ್ಮ ಮನ್ಯಾಗ ಗಿರಣಿ ಎರಡು. ಒಂದಕ್ಕ ಕರೆಂಟ್ ಬೇಕು, ಒಂದಕ್ಕ ಬ್ಯಾಡ," ಎಂದು ಗಿರಾಕಿಗಳಿಗೆ ಹೇಳಿ ನಗುತ್ತಾನೆ. ಮಂಜವ್ವ ಶಾಲೆಯ ಅಡುಗೆಮನೆಗೆ ಸೇರಿದ್ದು ಮಕ್ಕಳು ಸಣ್ಣವರಿದ್ದಾಗ. ಮಕ್ಕಳು ಬೆಳೆದರು, ಮದುವೆಯಾದರು, ಅವಳು ಅಲ್ಲಿಯೇ ಉಳಿದು ಮುಖ್ಯ ಅಡುಗೆಯವಳಾದಳು. ಕೈಕೆಳಗೆ ಒಬ್ಬ ಸಹಾಯಕಿ, ನೀಲಗಂಗವ್ವ. ಸಂಬಳ ಅಂತ ಕೊಡುವುದಿಲ್ಲ, ಅದಕ್ಕೆ ಗೌರವಧನ ಎನ್ನುತ್ತಾರೆ. ಗೌರವವೂ ಇಲ್ಲ, ಧನವೂ ಇಲ್ಲ. ಅದು ಬೇರೆ ಜಗಳ, ಇಲ್ಲಿ ಬೇಡ.

ಇಲ್ಲಿ ಹೇಳಬೇಕಾದದ್ದು ಸಹಿಯ ವಿಷಯ. ಮೊದಲು ಬಿಸಿಯೂಟದ ದುಡ್ಡು ಹತ್ತಿರದ ಬ್ಯಾಂಕಿನಲ್ಲಿ, ಶಾಲೆಯದೇ ಖಾತೆಯಲ್ಲಿ ಇರುತ್ತಿತ್ತು. ಹೆಡ್‌ಮಾಸ್ತರದೊಂದು ಸಹಿ, ಮುಖ್ಯ ಅಡುಗೆಯವಳದೊಂದು ಸಹಿ. ಕಾಗದದ ಮೇಲೆ ಇಬ್ಬರೂ ಸಮ. ನಡೆದದ್ದು ಹೀಗೆ: ಚೆಕ್ ಪುಸ್ತಕ ಬಂದ ದಿನವೇ ಮಂಜವ್ವನನ್ನು ಕರೆದು ಎಲ್ಲ ಹಾಳೆಗೂ ಒಂದೇ ಸಲ ಸಹಿ ಮಾಡಿಸಿಬಿಡುತ್ತಿದ್ದರು. ಅವಳು ರೊಟ್ಟಿ ಬಡಿದ ಹಾಗೆ ಪಟಪಟ ಸಹಿ ಬಡಿದು ಎದ್ದು ಹೋಗುತ್ತಿದ್ದಳು. ಯಾವುದಕ್ಕೆ, ಯಾರಿಗೆ ಎಂದು ಕೇಳಿದವಳಲ್ಲ. ಕೇಳಬೇಕು ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ಒಂದೇ ದೊಡ್ಡ ಖಾತೆ ಬಂತು. ಇಡೀ ಯೋಜನೆಯ ದುಡ್ಡು ಅಲ್ಲಿ. ಹಳ್ಳಿಯ ಶಾಲೆಗಳಿಗೆಲ್ಲ ಸೊನ್ನೆ ಖಾತೆ. ಅದರಲ್ಲಿ ದುಡ್ಡು ಇರುವುದೇ ಇಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ಇರುತ್ತದೆ. ಶಾಲೆಯವರು ಕಂಪ್ಯೂಟರಿನಲ್ಲಿ ಬಿಲ್ ಹಾಕಿದರೆ ಬೆಂಗಳೂರಿನ ಖಾತೆಯಿಂದ ನೇರ ಅಂಗಡಿಯವನಿಗೆ ಹೋಗುತ್ತದೆ. ಮಾರ್ಚ್ ಕೊನೆಗೆ ಖರ್ಚಾಗದ ಮಿತಿ ತಾನಾಗಿಯೇ ಸಾಯುತ್ತದೆ. ಕಳ್ಳತನ ನಿಲ್ಲಲಿ ಅಂತ ಮಾಡಿದ್ದು ಎನ್ನುತ್ತಾರೆ. ಇರಲಿ, ಚೆಕ್ಕಿನ ಕಾಲದ ಕಳ್ಳತನವನ್ನು ನಾವೂ ಕಂಡಿದ್ದೇವೆ, ಅದರ ವಿರುದ್ಧ ಕೂಗಿದ್ದೇವೆ. ಹಳೆಯದನ್ನು ನೆನೆದು ಅಳುವ ಅಗತ್ಯವಿಲ್ಲ.

ಹೊಸ ಪದ್ಧತಿಗೆ ಶಿರಹಟ್ಟಿಯಲ್ಲಿ ತರಬೇತಿ ನಡೆಯಿತು. ಗೋಡೆಯ ಮೇಲೆ ಚಿತ್ರ ಬಿಟ್ಟು ಒಬ್ಬ ಹುಡುಗ ವಿವರಿಸಿದ. ಬಿಲ್ ಹಾಕುವ ಹೆಡ್‌ಮಾಸ್ತರು 'ಮೇಕರ್'. ಮುಖ್ಯ ಅಡುಗೆಯವರು 'ಚೆಕರ್'. ಚೆಕರ್ ಫೋನಿಗೆ ಒಂದು ಓಟಿಪಿ ಬರುತ್ತದೆ, ಆ ನಂಬರ್ ಹಾಕದೆ ದುಡ್ಡು ಅಲುಗುವುದಿಲ್ಲ.

ಹಿಂದಿನ ಸಾಲಿನಲ್ಲಿ ನಿಂತೇ ಕೇಳುತ್ತಿದ್ದ ಮಂಜವ್ವ ನೀಲಗಂಗವ್ವನ ಕಡೆ ತಿರುಗಿ, "ಚೆಕರ್ ಅಂದ್ನಲ್ಲ?" ಎಂದಳು.

"ಹೌದು, ನೀನ ಅಂತ."

"ಬಸ್ಸಿನ್ಯಾಗ ಬರತಾನಲ್ಲ, ಅವನಂಗ?"

"ಅದರಂಗ ಇರಬೇಕು. ನಂಗೇನ ಗೊತ್ತ."

ನಮ್ಮ ಕಡೆ ಚೆಕರ್ ಎಂದರೆ ಒಬ್ಬನೇ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಬೇವಿನ ಗಿಡದ ಕೆಳಗೆ ಜೀಪು ನಿಲ್ಲಿಸಿಕೊಂಡು, ಕೈ ಅಡ್ಡ ಮಾಡಿ ಬಸ್ ಹತ್ತುವವನು. ಅವನು ಹತ್ತಿದ ಮೇಲೆ ಬಸ್ ಅಲ್ಲಾಡುವುದಿಲ್ಲ. ಶಾಸಕರ ಬೀಗರಿದ್ದರೂ ಟಿಕೇಟು ತೋರಿಸಬೇಕು. ಕೊನೆಯ ಸೀಟಿನ ಕೊನೆಯ ಟಿಕೇಟು ನೋಡಿ ಅವನು ಇಳಿದ ಮೇಲೆಯೇ ಡ್ರೈವರು ಗೇರು ಹಾಕುವುದು. ಸರ್ಕಾರ ತನ್ನನ್ನು ಅಂಥ ಹುದ್ದೆಗೆ ಏರಿಸಿದೆ ಎಂದು ಮಂಜವ್ವ ತಿಳಿದಳು. ತರಬೇತಿಯ ಹುಡುಗನಿಗೆ ಚೆಕರ್ ಎಂದರೆ ನಂಬರ್ ಹೇಳುವ ಒಂದು ಫೋನು. ಹೆಡ್‌ಮಾಸ್ತರಿಗೂ ಅಷ್ಟೇ. ಇವಳೊಬ್ಬಳಿಗೆ ಮಾತ್ರ ಅದು ಜೀಪಿನಿಂದ ಇಳಿದು ಬಂದ ಮನುಷ್ಯ.

ಮಾರನೆಯ ವಾರದಿಂದ ಹೆಡ್‌ಮಾಸ್ತರ ಸುಭಾಷರ ನಿದ್ದೆ ಕೆಟ್ಟಿತು. ಕಾಯಿಪಲ್ಲೆಯ ಬಿಲ್ ಹಾಕಿ, "ಮಂಜವ್ವಾ, ನಂಬರ್ ಬಂತೇನು ಹೇಳವಾ," ಎಂದರೆ ಅವಳು ಬುಟ್ಟಿ ಬೋರಲು ಹಾಕಿ ಬದನೆಕಾಯಿಯ ಹುಳುಕು ನೋಡುತ್ತಿದ್ದಳು. ನಂಬರಿಗೆ ಹತ್ತು ನಿಮಿಷ ಆಯುಷ್ಯ. ಅದು ಬಂದು ಅವಳ ಕುಪ್ಪಸದೊಳಗಿನ ಫೋನಿನಲ್ಲಿ ಸಾಯುತ್ತಿತ್ತು. ಮಾಸ್ತರು ಮತ್ತೆ ಕಳಿಸಬೇಕು. ಅದೂ ಸಾಯುತ್ತಿತ್ತು.

ಅವಳು ಮಾಡಿದ್ದೆಲ್ಲ ಸರಿ ಎಂದು ಹೇಳಲು ನಾವು ತಯಾರಿಲ್ಲ. ಒಮ್ಮೆ ಗ್ಯಾಸಿನ ಬಿಲ್ ತಡೆದಳು. ಸಿಲಿಂಡರು ಕಣ್ಣಿಗೆ ಕಾಣದೆ ನಂಬರ್ ಹೇಳುವುದಿಲ್ಲ ಎಂದಳು. ಏಜೆನ್ಸಿಯವರು ದುಡ್ಡು ಬಾರದೆ ಗಾಡಿ ಕಳಿಸುವುದಿಲ್ಲ ಎಂದರು. ನಡುವೆ ಗ್ಯಾಸು ಮುಗಿದು ಮಕ್ಕಳು ಎರಡು ದಿನ ಅವಲಕ್ಕಿ ತಿಂದರು. ಊರವರು ಬಂದು ಬೈದರು. ಅವಳು ತಪ್ಪಾಯಿತು ಅನ್ನಲಿಲ್ಲ. ಮೂರನೆಯ ದಿನ ತುಟಿ ಬಿಗಿಹಿಡಿದು ನಂಬರ್ ಹೇಳಿದಳು, ಸಿಲಿಂಡರ್ ಬಂದಾಗ ಅದನ್ನು ಎತ್ತಿ ತೂಗಿ ನೋಡಿ ಇಳಿಸಿಕೊಂಡಳು, ಅಷ್ಟೇ.

ಡಬರಿಯ ಗದ್ದಲ ಎದ್ದದ್ದು ಆ ವರ್ಷದ ಕೊನೆಗೆ.

ಶಾಲೆಯಲ್ಲಿ ಸಾರು ಕುದಿಸುವ ದೊಡ್ಡ ಅಲ್ಯುಮಿನಿಯಂ ಡಬರಿ ತಳ ಸವೆದು ತೂತಾಗಿತ್ತು. ದಿನಾ ಬೆಳಿಗ್ಗೆ ಮಂಜವ್ವ ಗೋಧಿಹಿಟ್ಟು ಕಲಸಿ ತೂತಿಗೆ ಮೆತ್ತುವಳು. ಸಾರು ಕುದಿ ಹಿಡಿದಾಗ ಹಿಟ್ಟು ಬಿಟ್ಟುಕೊಂಡು ಹನಿ ಒಲೆಯ ಮೇಲೆ ತೊಟ್ಟಿಕ್ಕುವುದು. ಫೆಬ್ರುವರಿಯಲ್ಲಿ ಒಂದು ದಿನ ಹಾಗೆ ತೊಟ್ಟಿಕ್ಕಿ ಉರಿ ಆರಿತು. ಗ್ಯಾಸು ಮಾತ್ರ ಹರಿಯುತ್ತಲೇ ಇತ್ತು. ನೀಲಗಂಗವ್ವ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದಳು, ಮಂಜವ್ವ ಒಳಗೆ ನುಗ್ಗಿ ಸಿಲಿಂಡರಿನ ತಿರುಪು ಬಂದ್ ಮಾಡಿದಳು. ಪಕ್ಕದ ಕೋಣೆಯಲ್ಲಿ ಒಂದನೆಯ ತರಗತಿ ಮಗ್ಗಿ ಹೇಳುತ್ತಿತ್ತು. ಆ ದಿನದಿಂದ ಅವಳು ಒಲೆಯ ಮುಂದಿನಿಂದ ಕದಲಲಿಲ್ಲ. ನಿಂತ ಕಾಲಿನ ಮೇಲೆ ಬಗ್ಗಿ ಉರಿ ನೋಡುತ್ತಿದ್ದಳು. ರಾತ್ರಿ ಮಲಗಿದರೂ ಮಗ್ಗಲು ಬದಲಿಸುವುದೇ. ತಿರಕಪ್ಪ, "ಉರಿ ಇಲ್ಲಿಲ್ಲಲೇ, ಮಲಗ," ಎನ್ನುತ್ತಿದ್ದ.

ಅಡುಗೆ ಪಾತ್ರೆಗೆ ಅಂತ ಮಿತಿ ಮಂಜೂರಾದದ್ದು ಮಾರ್ಚಿನ ಕೊನೆಯ ವಾರದಲ್ಲಿ. ಸುಭಾಷ ಮಾಸ್ತರು ಲಕ್ಷ್ಮೇಶ್ವರದ ಪಾತ್ರೆ ವ್ಯಾಪಾರಿ ಶಿವಯೋಗಿಯಿಂದ ಬಿಲ್ ತರಿಸಿದರು. ಮೂವತ್ತೊಂದನೆಯ ತಾರೀಖು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮಂಜವ್ವಾ, ಡಬರಿ ಬಿಲ್ ಹಾಕೇನಿ. ನಂಬರ್ ಹೇಳಿಬಿಡು, ಇವತ್ತ ಸಂಜಿಗೆ ಮಿತಿ ಮುಗೀತೈತಿ."

"ಡಬರಿ ಎಲ್ಲೈತ್ರಿ ಸರ?"

"ಮುಂದಿನ ವಾರ ಬರತೈತಿ."

"ಹಂಗಾರ ನಂಬರೂ ಮುಂದಿನ ವಾರ ಬರತೈತ್ರಿ."

ಮಾಸ್ತರು ಕಳ್ಳರಲ್ಲ. ಎರಡು ತರಗತಿ ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುವ, ಮೇಲಿನವರಿಗೆ ದಿನಕ್ಕೊಂದು ಮಾಹಿತಿ ಕಳಿಸಿ ಸುಸ್ತಾದ ಮನುಷ್ಯ. "ಮುಂದಿನ ವಾರ ಮಿತಿ ಇರೂದಿಲ್ಲವಾ. ದುಡ್ಡು ಬೆಂಗಳೂರಾಗ ಉಳದು ಹೋಗತೈತಿ. ಡಬರಿ ನಿನಗ ಬೇಕು, ನನಗಲ್ಲ," ಎಂದರು.

"ನನಗ ಬೇಕಂತನ ಕೇಳಾಕತ್ತೇನ್ರಿ. ಹ್ವಾದ ವರ್ಷ ಮಕ್ಕಳು ಉಣ್ಣೂ ತಾಟು ಹಿಂಗ ಬಂದಾವು. ಬಿಲ್ಲಿನ್ಯಾಗ ದಪ್ಪ, ಕೈಯಾಗ ಹಪ್ಪಳ. ಆ ಸಾವಕಾರಗ ಕೇಳಿದ್ರ ರೊಕ್ಕ ಹೋಗೇತಿ, ಇನ್ನೇನ ಮಾಡೂದು ಅಂದ. ಡಬರೀನೂ ಹಪ್ಪಳದಂಗ ಬಂದ್ರ ಮತ್ತ ತೂತು. ಮತ್ತ ನಾನ ಹಿಟ್ಟು ಮೆತ್ತಬೇಕು."

ಇಬ್ಬರ ಮಾತೂ ಖರೆ. ಮಾಲು ಕಾಣದೆ ನಂಬರ್ ಕೊಟ್ಟರೆ ಏನು ಬರುತ್ತದೋ ಗೊತ್ತಿಲ್ಲ, ಕೊಡದಿದ್ದರೆ ಏನೂ ಬರುವುದಿಲ್ಲ. ನೂರಾರು ಮೈಲಿ ದೂರದಲ್ಲಿ ಕೂತು ದುಡ್ಡಿಗೆ ಗಡುವು ಹಾಕಿದವರಿಗೆ ಈ ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಮಂಜವ್ವ ಸೌಟನ್ನು ನೀಲಗಂಗವ್ವನ ಕೈಗೆ ಕೊಟ್ಟಳು. "ಉರಿ ಮ್ಯಾಲ ಕಣ್ಣಿಡು. ಮಕ್ಕಳಿಗೆ ಬಡಸು. ನಾ ಲಕ್ಷ್ಮೇಶ್ವರಕ್ಕ ಹೋಗಿ ನೋಡಿ ಬರತೇನಿ."

"ಯವ್ವಾ, ಸಂಜಿ ಆಗತೈತಿ," ಎಂದರು ಮಾಸ್ತರು.

"ನೀವು ಕಂಪ್ಯೂಟರ್ ಮುಂದ ಕುಂಡ್ರ್ರಿ. ಅಂಗಡ್ಯಾಗ ನಿಂತ ಫೋನ್ ಮಾಡತೇನಿ. ಆವಾಗ ನಂಬರ್ ಬಿಡ್ರಿ."

ಶಿರಹಟ್ಟಿಯಲ್ಲಿ ಇಳಿದು ಲಕ್ಷ್ಮೇಶ್ವರದ ಬಸ್ ಹಿಡಿದಳು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಳು, ತಾನು ನಿಂತರೆ ಬಸ್ ಬೇಗ ಹೋಗುತ್ತದೆ ಎಂಬ ಹಾಗೆ. ಅರ್ಧ ದಾರಿಯಲ್ಲಿ ಬೇವಿನ ಗಿಡದ ಕೆಳಗಿಂದ ಕೈ ಅಡ್ಡ ಬಂತು. ಚೆಕರ್ ಹತ್ತಿದ. ಬಸ್ ನಿಂತಿತು. ಮಂಜವ್ವ ಹೆಂಗಸರಿಗೆ ಕೊಡುವ ಸೊನ್ನೆ ಟಿಕೇಟನ್ನು ಅವನು ಕೇಳುವ ಮೊದಲೇ ಮುಂದೆ ಹಿಡಿದಳು.

"ಜಲ್ದಿ ನೋಡ್ರಿ ಸರ. ನಾನೂ ಚೆಕಿಂಗಿಗೆ ಹೊಂಟೇನಿ."

ಅವನು ಅವಳ ಸೀರೆಗೆ ಹತ್ತಿದ ಅರಿಸಿನದ ಕಲೆ ನೋಡಿದ. "ನೀವೂ ಚೆಕರೇನ್ರಿ ಅಕ್ಕಾರ? ಯಾವ ಡಿಪೋ?"

"ಅಡಗಿಮನಿ ಡಿಪೋ."

ಬಸ್ಸಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. "ಒಂದ ಮಾತು ಹೇಳ್ರಿ. ಟಿಕೇಟ್ ನೋಡದ ಬಿಟ್ರ ನಿಮಗ ಏನ ಮಾಡತಾರ?"

"ಮೆಮೋ ಕೊಡತಾರ್ರಿ. ಪಗಾರ ಹಿಡೀತಾರ."

"ನನಗ ನೋಡಿದ್ದಕ್ಕ ಹಿಡದು ಬೈತಾರ."

ಅವನಿಗೆ ಅರ್ಥವಾಗಲಿಲ್ಲ. ಕೊನೆಯ ಸೀಟಿನ ತನಕ ಹೋಗಿ, ಸಾವಕಾಶ ಇಳಿದು ಹೋದ.

ಶಿವಯೋಗಿಯ ಅಂಗಡಿ ಬಜಾರಿನಲ್ಲಿದೆ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಅತಾವುಲ್ಲಾ ಕೂತಿರುತ್ತಾನೆ. ಪಾತ್ರೆ ಕೊಂಡವರ ಹೆಸರನ್ನು ಗುಯ್ ಎನ್ನುವ ಸಣ್ಣ ಮಶೀನಿನಿಂದ ಕೊರೆಯುವುದು ಅವನ ಕೆಲಸ. ನಮ್ಮ ಕಡೆ ಹೆಸರು ಕೊರೆಸದೆ ಯಾರೂ ಪಾತ್ರೆ ಮನೆಗೆ ಒಯ್ಯುವುದಿಲ್ಲ. ಹೆಸರು ಬಿದ್ದ ಮೇಲೆ ಆ ಪಾತ್ರೆಯನ್ನು ಅಂಗಡಿಯವನು ಮತ್ತೊಬ್ಬರಿಗೆ ಮಾರುವ ಹಾಗಿಲ್ಲ.

ಡಬರಿ ಅಂಗಡಿಯಲ್ಲಿತ್ತು. ಮಂಜವ್ವ ಬಡಿದು ಸದ್ದು ಕೇಳಿದಳು, ತಳ ಮುಟ್ಟಿದಳು, ಎರಡೂ ಕೈಯಿಂದ ಎತ್ತಿ ಎದೆಗೆ ಇಟ್ಟುಕೊಂಡು ನೋಡಿದಳು. ಮಾಲು ಚಲೋ ಇತ್ತು.

"ಹೆಸರ ಕೊರಸ್ರಿ ಸಾವಕಾರ್ರ. ನಂಬರ್ ಹೇಳತೇನಿ."

ಶಿವಯೋಗಿ ತಲೆ ಅಲ್ಲಾಡಿಸಿದ. "ಮೊದಲ ರೊಕ್ಕ, ಆಮ್ಯಾಲ ಹೆಸರು."

"ರೊಕ್ಕ ಕೈಗೆ ಸಿಕ್ಕಮ್ಯಾಲ ನೀವು ಇದನ್ನ ಕಳಸತೀರೋ, ಹಪ್ಪಳ ಕಳಸತೀರೋ ಯಾರಿಗೆ ಗೊತ್ತು. ತಾಟು ನೆನಪೈತಿಲ್ಲೋ?"

"ತಾಟಿನ ಮಾತ ತಗೀಬ್ಯಾಡ ತಂಗಿ. ಆ ತಾಟು ಕಂಪನಿಯವರು ಕಳಿಸಿದ್ದು." ಅವನು ಮೂಲೆಯ ಕಡೆ ಕೈ ಮಾಡಿದ. ಅಲ್ಲಿ ಯಾವುದೋ ಶಾಲೆಯ ಹೆಸರು ಕೊರೆದ ಲೋಟಗಳಲ್ಲಿ ಮೊಳೆ, ಸ್ಕ್ರೂ ತುಂಬಿಟ್ಟಿದ್ದರು. "ನೋಡು. ಎರಡ ತಿಂಗಳ ಹಿಂದ ಹೆಸರ ಕೊರದು ಇಟ್ಟೆ, ಬಿಲ್ ತಿರುಗಿ ಬಂತು. ಮೊದಲ ಚೆಕ್ ಬೌನ್ಸ್ ಆದ್ರ ಮಾಸ್ತರನ ಮನಿಗೆ ಹೋಗಿ ಜಗಳ ತಗೀತಿದ್ದೆ. ಈಗ ಯಾರ ಮನಿಗೆ ಹೋಗ್ಲಿ? ಬೆಂಗಳೂರಾಗ ಆ ಖಾತೆ ಯಾವ ಓಣ್ಯಾಗ ಐತಿ ನಿನಗ ಗೊತ್ತೇನು?"

ಅವಳಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿಲ್ಲ. ಧರಣಿ ಹೂಡಬೇಕೆಂದರೂ ಯಾವ ಬಾಗಿಲ ಮುಂದೆ ಎಂದು ಈಗ ತಿಳಿಯುವುದಿಲ್ಲ.

ಅಷ್ಟರಲ್ಲಿ ಮಾಸ್ತರ ಫೋನು. "ಏನಾತವಾ? ನೆಟ್ ಹೋಗಿ ಬಂದು ಮಾಡಾಕತ್ತೈತಿ. ಬಿಡ್ಲೇನು ನಂಬರ್?"

"ತಡೀರಿ ಸರ."

ಅವಳು ಅಂಗಡಿಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ ಓಡಾಡಿದಳು. ಅತಾವುಲ್ಲಾ ಬೀಡಿ ಆರಿಸಿ, "ಯಕ್ಕಾ, ನೀ ಹಿಂಗ ತಿರಗಿದ್ರ ನನಗ ತಲಿ ತಿರಗತೈತಿ. ನಾ ಒಂದ ದಾರಿ ಹೇಳ್ಲೇನು?" ಎಂದ.

"ಹೇಳು."

"ಅರ್ಧ ಕೊರೀತೇನಿ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ' ಅಂತ. ಊರ ಹೆಸರು ರೊಕ್ಕ ಬಂದ ಮ್ಯಾಲ. ಬಿಲ್ ಕೆಟ್ರ ಸಾವಕಾರ್ರು ಬ್ಯಾರೆ ಊರ ಶಾಲಿಗೆ ಮಾರತಾರ. ನಿನಗೂ ಇದ ಡಬರಿ ಅನ್ನೂದು ಗುರುತು."

ಶಿವಯೋಗಿ ಅವನನ್ನು ದಿಟ್ಟಿಸಿದ. "ಇಷ್ಟು ತಲಿ ಇದ್ದಾಂವ ಸ್ಟೂಲ್ ಮ್ಯಾಲ ಯಾಕ ಕುಂತಿಲೇ?"

"ಕುರ್ಚಿ ನೀವು ಹಿಡದೀರಲ್ರಿ."

ಮಶೀನು ಗುಯ್ ಎಂದಿತು. 'ಶಾಲೆ' ಎಂಬ ಪದ ಮುಗಿಯುವವರೆಗೂ ಮಂಜವ್ವ ಡಬರಿಯ ಕಂಠ ಹಿಡಿದು ನಿಂತಿದ್ದಳು. ಆಮೇಲೆ ಫೋನ್ ಮಾಡಿದಳು. ನಂಬರ್ ಬಂತು. ಮೊದಲ ಸಲ ಹೇಳುವಾಗ ಹೊರಗೆ ಲಾರಿ ಹಾರ್ನ್ ಹೊಡೆದು ತಪ್ಪಿತು. ಎರಡನೆಯದಕ್ಕೆ ಹತ್ತಿತು.

"ಹೋತು," ಎಂದರು ಮಾಸ್ತರು. "ಇನ್ನ ಬೆಂಗಳೂರಿಂದ ಸಾವಕಾರಗ ಎರಡು ಮೂರು ದಿನದಾಗ ಬೀಳತೈತಿ."

"ಹಂಗಾರ ಡಬರೀನೂ ಎರಡು ಮೂರು ದಿನದಾಗ," ಎಂದ ಶಿವಯೋಗಿ.

ಮಂಜವ್ವ ಹೊರಗೆ ಬಿಸಿಲು ನೋಡಿದಳು. ನಾಳೆ ಬೆಳಿಗ್ಗೆ ಮತ್ತೆ ಹಿಟ್ಟು, ಮತ್ತೆ ಹನಿ, ಪಕ್ಕದ ಕೋಣೆಯಲ್ಲಿ ಮತ್ತೆ ಮಗ್ಗಿ. ಕೈಯಲ್ಲಿದ್ದ ಫೋನನ್ನು ಶಿವಯೋಗಿಯ ಮೇಜಿನ ಮೇಲೆ ಇಟ್ಟಳು.

"ಇದನ್ನ ಒತ್ತಿ ಇಟಗೋರಿ. ರೊಕ್ಕ ಬಂದ ದಿನ ಕೊಡ್ರಿ. ಡಬರಿ ನಾ ಒಯ್ಯತೇನಿ."

ಕೊಳ್ಳುವುದಕ್ಕೆ ಬಂದು ಕೈ ಸಾಲದಿದ್ದರೆ ಕಾಲ್ಗಡಗ, ಕೈಗಡಿಯಾರ ಇಟ್ಟು ಸಾಮಾನು ಒಯ್ಯುವುದು ನಮ್ಮ ಬಜಾರಿನಲ್ಲಿ ಹೊಸದಲ್ಲ. ಶಿವಯೋಗಿ ಫೋನನ್ನು ಗಲ್ಲಾದೊಳಗೆ ಹಾಕಿ, "ಒಯ್ಯಿ," ಎಂದ. ಬಸ್ಸಿನಲ್ಲಿ ಕಂಡಕ್ಟರು, "ನಿಮಗ ಫ್ರೀ ಐತ್ರಿ, ಡಬರಿಗೆ ಇಲ್ಲ," ಎಂದು ಲಗೇಜು ಹಾಕಿದ. ಅವಳು ತಕರಾರು ಮಾಡಲಿಲ್ಲ. ಆ ದಿನ ಸೀಟಿನ ಮೇಲೆ ಕೂತಳು. ತೊಡೆಯ ಮೇಲೆ ಡಬರಿ ಇದ್ದುದರಿಂದ ಏಳುವ ಹಾಗಿರಲಿಲ್ಲ.

ಊರು ಮುಟ್ಟುವುದರೊಳಗೆ ಕೆಲಸ ಕೆಟ್ಟಿತ್ತು. ಸಂಜೆಯ ಹೊತ್ತಿಗೆ ಮಾಸ್ತರಿಗೆ ಮೊಟ್ಟೆಯ ಬಿಲ್ಲೊಂದು ಉಳಿದದ್ದು ನೆನಪಾಗಿ, ಓಟಿಪಿ ಬಿಟ್ಟು ಮಂಜವ್ವನಿಗೆ ಫೋನ್ ಮಾಡಿದ್ದಾರೆ. ಎತ್ತಿದವನು ಶಿವಯೋಗಿ.

"ಫೋನ್ ನನ್ನ ಕಡೆ ಒತ್ತಿ ಐತ್ರಿ ಮಾಸ್ತರ್ರ."

ಮಾಸ್ತರು ಗಡಿಯಾರ ನೋಡಿದರು. ಮಿತಿ ಸಾಯಲು ಸ್ವಲ್ಪವೇ ಹೊತ್ತಿತ್ತು. ಏನು ಮಾಡಬೇಕೋ ತಿಳಿಯದೆ, "ಒಂದ ನಂಬರ್ ಬಂದೈತೇನ ನೋಡ್ರಿ," ಎಂದರು. ಶಿವಯೋಗಿ ಓದಿ ಹೇಳಿದ. ಮೊಟ್ಟೆಯ ಬಿಲ್ಲು ಪಾತ್ರೆ ಅಂಗಡಿಯಿಂದ ಪಾಸಾಯಿತು.

ದುಡ್ಡು ಬಂತು, ಫೋನು ಮರಳಿತು. ಆದರೆ ಶಿವಯೋಗಿ ಬಾಯಿ ಕಟ್ಟಿಕೊಳ್ಳುವವನಲ್ಲ. ತಾನು ಎರಡು ದಿನ ಸರ್ಕಾರಿ ಚೆಕರ್ ಆಗಿದ್ದೆ ಎಂದು ಬಂದ ಗಿರಾಕಿಗೆಲ್ಲ ಹೇಳಿದ. ಅದು ಶಿರಹಟ್ಟಿಯ ಕಚೇರಿಗೆ ಮುಟ್ಟಿತು. ಮಾಸ್ತರಿಗೆ ನೋಟಿಸು, ಮಂಜವ್ವನಿಗೆ ಕರೆ.

"ಫೋನ್ ಯಾಕ ಬಿಟ್ಟ ಬಂದಿ?" ಎಂದು ಅಧಿಕಾರಿ ಕೇಳಿದರು.

"ಡಬರಿ ಬೇಕಾಗಿತ್ರಿ."

"ಅದು ಬರೇ ಫೋನ್ ಅಲ್ಲ. ಖಜಾನಿ ಕೀಲಿ ಇದ್ದಂಗ."

"ಕೀಲಿ ಅಂತ ಯಾರೂ ಹೇಳಲಿಲ್ರಿ. ಚೆಕರ್ ಅಂದ್ರಿ. ಚೆಕ್ ಮಾಡಿದೆ."

ಅಧಿಕಾರಿ ಕುರ್ಚಿ ತೋರಿಸಿದರೂ ಅವಳು ಕೂಡಲಿಲ್ಲವಂತೆ. ತಿಂಗಳೊಳಗೆ ಆ ಶಾಲೆಯ ಚೆಕರ್ ಬದಲಾದರು. ಈಗ ನಂಬರ್ ಬರುವುದು ಶಾಲಾ ಸಮಿತಿಯ ಅಧ್ಯಕ್ಷ ದ್ಯಾಮಪ್ಪನ ಫೋನಿಗೆ. ಅವನು ಹೊಲದಲ್ಲಿ ಟ್ರ್ಯಾಕ್ಟರ್ ಮೇಲೆ ಕೂತೇ ಓದಿ ಹೇಳುತ್ತಾನೆ. ಒಂದು ನಂಬರೂ ಸಾಯುವುದಿಲ್ಲ. ಅಡುಗೆಯವರ ಸಹಿ ಉಳಿಸಿ ಎಂದು ಗದಗಿನಲ್ಲಿ ನಾವು ಕೂಗಿದೆವು, ಮನವಿ ಕೊಟ್ಟೆವು. ಮನವಿ ತೆಗೆದುಕೊಂಡರು. ಅಷ್ಟಕ್ಕೇ ನಿಂತಿದೆ.

ಡಬರಿ ಚೆನ್ನಾಗಿದೆ. ಉರಿ ಆರುವುದಿಲ್ಲ. 'ಶಾಲೆ' ಎಂಬುದರ ಮುಂದೆ ಊರ ಹೆಸರಿನ ಜಾಗ ಇನ್ನೂ ಖಾಲಿ. ಕೊರೆಸಲು ಮತ್ತೆ ಲಕ್ಷ್ಮೇಶ್ವರಕ್ಕೆ ಒಯ್ದರೆ ಆ ದಿನ ಸಾರು ಯಾವುದರಲ್ಲಿ ಮಾಡುವುದು ಎನ್ನುತ್ತಾಳೆ.

ಕಳೆದ ತಿಂಗಳು ನಾವು ಅತ್ತ ಹೋದಾಗ ಶಾಲೆಯ ಮುಂದೆ ಬೇಳೆ ತಂದ ಮೂರು ಗಾಲಿಯ ಟಂಟಂ ಗಾಡಿ ಎಂಜಿನ್ ಆರಿಸದೆ ನಿಂತಿತ್ತು. ಅಡುಗೆಮನೆಗೆ ಕೀಲಿ ಹಾಕಿತ್ತು. ಕೀಲಿಕೈ ಮಂಜವ್ವನ ಸೊಂಟದಲ್ಲಿತ್ತು. ಅವಳು ಬಿಸಿಲಲ್ಲಿ ಚೀಲದ ಹೊಲಿಗೆ ಬಿಚ್ಚುತ್ತಿದ್ದಳು.

"ಯವ್ವಾ, ಬಿಲ್ ಪಾಸ್ ಆಗೇತಿ. ನೋಡಿ ಏನ ಮಾಡತಿ? ಇಳಸಗೋ," ಎಂದು ಡ್ರೈವರ್ ಗೊಣಗಿದ.

ಅವನು ಹೇಳಿದ್ದು ಸುಳ್ಳಲ್ಲ. ಬೇಳೆಯಲ್ಲಿ ಹುಳ ಇದ್ದರೂ ದುಡ್ಡು ಹೋಗಿಯಾಗಿದೆ, ತಿರುಗಿ ಬರುವುದಿಲ್ಲ. ಅವಳು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಬೇಳೆ ತೆಗೆದು ಬಿಸಿಲಿಗೆ ಹಿಡಿದಳು.

"ಗಾಡಿ ಬಂದ್ ಮಾಡು," ಎಂದಳು. "ಇನ್ನ ಮೂರು ಚೀಲ ಅದಾವು."